ಮಜಕೂರು ಗ್ರಾಮವನ್ನು ದಯವಿಟ್ಟು ರದ್ದುಪಡಿಸಬೇಡಿ

ಮಧುಗಿರಿ,
ಯುವ ಸಂವತ್ಸರದ ಮಾಘ ಶುದ್ಧ ದಶಮಿ, ಇಸವಿ 1936

ಗ್ರಾಮ ಸೂತಿಕಾ ಸೇವಾ ದಫ್ತರದ ಸೂಪರಿಂಟೆಂಡೆಂಟ್ ಸಾಹೇಬರ ದಿವ್ಯ ಸನ್ನಿಧಾನಕ್ಕೆ

ಮಾನ್ಯರೇ,

ತಾವು, ತಮ್ಮ ಮೇಜು, ಮೇಜಿನ ಮೇಲೆ ಕೆಂಪು ದಾರ ಸುತ್ತಿಕೊಂಡು ಮಲಗಿರುವ ಕಡತಗಳು, ಆ ಕಡತಗಳಿಗೆ ಒತ್ತುವ ಮೊಹರು, ಮೊಹರಿಗೆ ಮಸಿ ಹಚ್ಚುವ ಜವಾನ, ಹೀಗೆ ತಮ್ಮ ಇಡೀ ಪರಿವಾರ ಸುಖವಾಗಿದೆಯೆಂದು ನಂಬಿ, ಮಧುಗಿರಿ ಪೇಟೆಯ ಹುಣಿಸೇಮರದ ಕೆಳಗೆ ಇಪ್ಪತ್ತೆರಡು ವರ್ಷಗಳಿಂದ ಚಾಪೆ ಹಾಸಿಕೊಂಡು ಊರವರ ಅರ್ಜಿಗಳನ್ನು ಬರೆದುಕೊಡುತ್ತಿರುವ ವೃಷಭೇಂದ್ರಪ್ಪನೆಂಬ ನಾನು ಕೈಮುಗಿದು ಈ ಪತ್ರವನ್ನು ಬರೆಯುತ್ತಿದ್ದೇನೆ. ತಮಗೇ ನೇರವಾಗಿ ಬರೆಯದೆ ವಾರಪತ್ರಿಕೆಗೆ ಕೊಟ್ಟಿದ್ದೇಕೆಂದು ತಾವು ಕೋಪಿಸಿಕೊಳ್ಳಬಾರದು. ತಮಗೆ ನೇರವಾಗಿ ಬರೆದ ಏಳು ಪತ್ರಗಳು ತಮ್ಮ ಟಪಾಲು ಶಾಖೆಯಲ್ಲಿ ಎಷ್ಟು ಆರಾಮವಾಗಿವೆಯೆಂದರೆ, ಎಂಟನೆಯದನ್ನೂ ಅಲ್ಲಿಗೇ ಕಳಿಸಿ ಅವುಗಳ ನಿದ್ದೆ ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯಲ್ಲಿ ವಿಷಯ ಕೊನೆಗೆ ಬರತಕ್ಕದ್ದೆಂಬ ತಮ್ಮ ನಿಯಮ ನನಗೆ ಗೊತ್ತಿದೆ, ಆದರೆ ಕೊನೆಯವರೆಗೆ ಕಾಯುವಷ್ಟು ಸಮಯ ಚಿಕ್ಕಕ್ಕನಿಗಿಲ್ಲ. ದೊಡ್ಡೇರಿಯ ಆಚೆ ಕರೇಕಲ್ಲಹಟ್ಟಿ ಎಂಬ ನಲವತ್ತು ಮನೆಗಳ ಊರಿನ ಹೆಣ್ಣುಮಗಳು ಚಿಕ್ಕಕ್ಕ, ಒಂಬತ್ತು ತಿಂಗಳು ತುಂಬಿದ ಬಸುರಿ, ಇವತ್ತೋ ನಾಳೆಯೋ ಅನ್ನುವಂತಿದ್ದಾಳೆ. ಆಕೆಯ ಹೆರಿಗೆ ಮಾಡಿಸಬೇಕಾದ ಮಿಡ್‌ವೈಫ್ ಹಮೀದುನ್ನೀಸಾ ಬೇಗಂ ಇದೇ ಫೆಬ್ರವರಿ ಆರನೇ ತಾರೀಖಿನೊಳಗೆ ಗಂಟುಮೂಟೆ ಕಟ್ಟಿಕೊಂಡು ಹೊರಡತಕ್ಕದ್ದೆಂದು ತಮ್ಮ ಹುಕುಂ ಬಂದಿದೆ. ಕಾರಣವೆಂದು ತಾವು ಕೊಟ್ಟಿರುವುದು, ಆಕೆ ಕೆಲಸ ಮಾಡುತ್ತಿರುವ ಮಜಕೂರು ಎಂಬ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ ಎಂಬುದು. ತಮ್ಮ ದಫ್ತರದಿಂದ ಹೊರಟ ಹುಕುಂಗಳಲ್ಲೆಲ್ಲ ಪೂರ್ತಿ ನಿಜವಾದ ಮಾತು ಇದೊಂದೇ ಎಂದು ನಾನು ಮೊದಲು ಅಭಿನಂದಿಸುತ್ತೇನೆ, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಬೇಡುತ್ತೇನೆ.

ಆ ಊರು ಹುಟ್ಟಿದ್ದು ಹೇಗೆಂದು ತಮಗೆ ತಿಳಿದಿರಲಾರದು. ಅದನ್ನು ಹೆತ್ತವರು ತಾವು, ಆ ಹೆರಿಗೆಯಲ್ಲಿ ಸೂಲಗಿತ್ತಿಯ ಕೆಲಸ ಮಾಡಿದವನು ನಾನು.

ಎರಡು ವರ್ಷದ ಕೆಳಗೆ ಚಿಕ್ಕಕ್ಕನ ಅತ್ತೆ ಹೊನ್ನಕ್ಕ ಹನ್ನೆರಡು ಮೈಲಿ ನಡೆದು ನನ್ನ ಚಾಪೆಯ ಹತ್ತಿರ ಬಂದು ಕೂತಳು. ಕುಡಿಯಲು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು ಆಕೆ ಹೇಳಿದ್ದು ಇಷ್ಟೇ: "ಅಯ್ಯಾ, ನನ್ ಸೊಸೆ ಮೂರ್ ದಿನ ನೋವು ತಿಂದ್ಲು, ಕೂಸು ಹೋಯ್ತು. ಇನ್ನೊಂದ್ ಕಿತ ಹಂಗೇ ಆದ್ರೆ ಅವ್ಳೂ ಹೋಯ್ತಾಳೆ. ನಮ್ಮಟ್ಟಿಗೆ ಹೆರಿಗೆ ಮಾಡ್ಸೋಳ್ನ ಒಬ್ಳುನ್ನ ಕಳ್ಸಿ ಅಂತ ಬರ್ದ್‌ಬುಡಪ್ಪ." ನಾನು ಅದನ್ನು ಹಾಗೇ, ಕಾಗುಣಿತ ಮಾತ್ರ ತಿದ್ದಿ, ನಾಲ್ಕು ಸಾಲಿನಲ್ಲಿ ಬರೆದು, ಹೊನ್ನಕ್ಕನ ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಷ್ಟು ಚಿಕ್ಕದಾಗಿ ಬರೆದದ್ದು ಅದೊಂದೇ ಸಲ, ಮತ್ತು ಅದರ ಫಲವನ್ನು ತಾವು ತಕ್ಷಣವೇ ಉಣ್ಣಿಸಿದಿರಿ.

ಅರ್ಜಿ ಇಪ್ಪತ್ತು ದಿನಕ್ಕೆ ವಾಪಸು ಬಂತು. ಅದರ ಮೇಲೆ ಕೆಂಪು ಮಸಿಯಲ್ಲಿ ಬರೆದಿದ್ದ ಷರಾವನ್ನು ನಾನು ಇವತ್ತಿಗೂ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದೇನೆ. ಸಂಬೋಧನೆ ಸಾಲದು, ಪೂರ್ವಪೀಠಿಕೆ ಇಲ್ಲವೇ ಇಲ್ಲ, ಪ್ರಾರ್ಥನೆ ಮೊದಲೇ ಬಂದುಬಿಟ್ಟಿದೆ, "ನೋವು ತಿಂದಳು" ಎಂಬುದು ಗ್ರಾಮ್ಯ ಪ್ರಯೋಗ, ಗ್ರಾಮದ ಹೆಸರನ್ನು ಪದೇಪದೇ ಹೇಳಿರುವುದು ಬರಹದ ಮರ್ಯಾದೆಗೆ ಒಪ್ಪುವಂಥದ್ದಲ್ಲ, ನಮೂನೆಯ ಪ್ರಕಾರ ಮತ್ತೆ ಬರೆಯತಕ್ಕದ್ದು. ಸತ್ತ ಕೂಸಿನ ಬಗ್ಗೆ ಷರಾದಲ್ಲಿ ಏನೂ ಇರಲಿಲ್ಲ. ಬಹುಶಃ ಅದರಲ್ಲಿ ವ್ಯಾಕರಣದೋಷ ಕಂಡುಬಂದಿರಲಾರದು.

ನನಗೂ ಹಟ ಬಂತೆಂದು ಇಟ್ಟುಕೊಳ್ಳಿ. ನಮೂನೆ ಬೇಕೆ, ತಗೊಳ್ಳಿ ಎಂದು ನಾಲ್ಕು ಹಾಳೆಯ ಅರ್ಜಿಯನ್ನು ಎರಡು ದಿನ ಕೂತು ಬರೆದೆ. ಹೆಂಗಸು ನೋವು ತಿಂದಳೆಂದರೆ ದಫ್ತರಕ್ಕೆ ನೋವಾಗುವುದಿಲ್ಲ. "ಸದರಿ ಸ್ತ್ರೀಗೆ ಪ್ರಸವವೇದನೆಯು ಮೂರು ದಿವಸಗಳ ಪರ್ಯಂತ ಪ್ರಾಪ್ತವಾಗಿದ್ದುದಾಗಿ ತಿಳಿದುಬರುತ್ತದೆ" ಎಂದರೆ ಮಾತ್ರ ಆಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಕೂಸು ಹೋಯಿತೆನ್ನದೆ "ಶಿಶುವು ಕಾಲಾಧೀನವಾಗಿರುವುದಾಗಿ" ಎಂದು ಬರೆದೆ. ಮೊದಲ ಹಾಳೆಯ ಮೊದಲ ಸಾಲಿನಲ್ಲಿ ಒಂದೇ ಒಂದು ಸಲ ಕರೇಕಲ್ಲಹಟ್ಟಿ ಎಂದು ಹೆಸರೆತ್ತಿ, ಆಮೇಲೆ ತಮ್ಮ ಬರಹದ ಮರ್ಯಾದೆಗೆ ಭಂಗ ಬಾರದಂತೆ, ಹತ್ತೊಂಬತ್ತು ಕಡೆಯೂ "ಮಜಕೂರು ಗ್ರಾಮ" ಎಂದು ಬರೆದುಕೊಂಡು ಹೋದೆ. ಮಜಕೂರು ಎಂದರೆ ಮೇಲೆ ಹೇಳಿದ್ದು ಎಂದರ್ಥ. ಅರ್ಜಿ ಬರೆಯುವವರ ಮನೆಯ ಬೆಕ್ಕಿಗೂ ಗೊತ್ತಿರುವ ಮಾತು. ಓದಿ ಹೇಳಿದಾಗ ಹೊನ್ನಕ್ಕನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. "ಇದ್ರಾಗೆ ನನ್ ಸೊಸೆ ಎಲ್ಲವ್ಳೆ?" ಎಂದು ಕೇಳಿದಳು. ಸದರಿ ಎಂಬಲ್ಲಿದ್ದಾಳೆ ಎಂದು ಬೆರಳಿಟ್ಟು ತೋರಿಸಿದೆ, ಮತ್ತು ಮಾನ್ಯರೇ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಶೈಲಿಗೆ ನಾನೇ ಹಿಗ್ಗಿಹೋದೆ.

ಆಮೇಲೆ ತಮ್ಮ ದಫ್ತರದಲ್ಲಿ ನಡೆದದ್ದನ್ನು ಅಲ್ಲಿನ ಜವಾನನೊಬ್ಬನಿಂದ ತಿಳಿದುಕೊಂಡೆ. ಮೊದಲ ಹಾಳೆ ಮುಖಪುಟವೆಂದು ಟಪಾಲು ಶಾಖೆಯಲ್ಲೇ ಉಳಿಯಿತು, ಉಳಿದ ಮೂರು ಹಾಳೆಗಳು ಮಾತ್ರ ಹೊಸದಾಗಿ ಬಂದಿದ್ದ ಗುಮಾಸ್ತರ ಕೈಗೆ ಹೋದವು. ಅವರು ಶ್ರದ್ಧೆಯ ಮನುಷ್ಯರು. ಬೇಲೂರು, ಕಡೂರು, ಬೆಂಗಳೂರು ಎಲ್ಲ ನೋಡಿ ಬಂದವರಾದ್ದರಿಂದ, ಊರು ಎಂದು ಮುಗಿಯುವ ಹೆಸರು ಊರಿನದೇ ಇರಬೇಕೆಂದು ತಿಳಿದು, ಮಜಕೂರು ಗ್ರಾಮಕ್ಕೆ ಒಬ್ಬ ಮಿಡ್‌ವೈಫನ್ನು ಮಂಜೂರು ಮಾಡುವಂತೆ ಶಿಫಾರಸು ಬರೆದರು. ತಾವು ರುಜು ಹಾಕಿದಿರಿ. ಹೀಗೆ ಸಂಸ್ಥಾನಕ್ಕೆ ಒಂದು ಊರು ಹೆಚ್ಚಾಯಿತು, ಕರೇಕಲ್ಲಹಟ್ಟಿಗೆ ಏನೂ ಸಿಗಲಿಲ್ಲ.

ನಾನು ಕೂಡಲೇ ತಿದ್ದುಪಡಿ ಅರ್ಜಿ ಹಾಕಿದೆ. ಮಜಕೂರು ಎಂಬುದು ಊರಲ್ಲ, ಮಾತು ಎಂದು ಸಾಧ್ಯವಾದಷ್ಟು ವಿನಯದಿಂದ ವಿವರಿಸಿದೆ. ಅದಕ್ಕೆ ತಾವು ಕೊಟ್ಟ ಉತ್ತರವನ್ನು ಬರಹ ಕಲಿಯುವವರು ಬಾಯಿಪಾಠ ಮಾಡಬೇಕು: ಮಜಕೂರು ಗ್ರಾಮದ ಅಸ್ತಿತ್ವದ ಬಗ್ಗೆ ಯಾವುದೇ ಆಕ್ಷೇಪಣೆಯಿದ್ದಲ್ಲಿ ಮಜಕೂರು ಗ್ರಾಮದ ಪಟೇಲರ ರುಜುವಿನೊಂದಿಗೆ ಸಲ್ಲಿಸತಕ್ಕದ್ದು.

ಇತ್ತ ಹಮೀದುನ್ನೀಸಾ ಬೇಗಂ, ಶಿರಾದ ಹುಡುಗಿ, ಬೆಂಗಳೂರಿನಲ್ಲಿ ಹೆರಿಗೆಯ ಕೆಲಸ ಕಲಿತು ಪಾಸಾದವಳು, ತಮ್ಮ ಹುಕುಂ ಹಿಡಿದು ಹನ್ನೊಂದು ದಿನ ಮಜಕೂರನ್ನು ಹುಡುಕಿದಳು. ಕೊರಟಗೆರೆಯಲ್ಲಿ ಬಸ್ಸಿಳಿದು ಕೇಳಿದರೆ ಚನ್ನರಾಯನದುರ್ಗದ ಕಡೆ ಕೈ ತೋರಿಸಿದರು. ಚನ್ನರಾಯನದುರ್ಗದಲ್ಲಿ ಒಬ್ಬ ಮುದುಕ ತುಂಬ ಯೋಚನೆ ಮಾಡಿ, "ಮಜಕೂರಾ? ಇಲ್ಲೆಲ್ಲೂ ಇಲ್ಲ ಕಣಮ್ಮ, ಪಾವಗಡದ ತಾವ ಇರ್ಬೈದೇನೋ" ಎಂದ. ಪಾವಗಡದ ಕಡೆ ಒಬ್ಬಾಕೆ, "ಅದೇಂ ಊರಮ್ಮಾ? ನಾಕು ತೆಲೀದು, ಮಧುಗಿರಿಗೆ ಹೋಗಿ ಕೇಳು" ಎಂದಳು. ಟ್ರಂಕನ್ನು ಒಮ್ಮೆ ತಲೆಯ ಮೇಲೆ ಹೊತ್ತು, ಒಮ್ಮೆ ಗಾಡಿಯ ಮೇಲೆ ಹೇರಿ, ಕೊನೆಗೆ ಆಕೆ ತನ್ನ ಮನೆಗೇ, ಶಿರಾಕ್ಕೇ, ಅಳುತ್ತ ಬಂದಳಂತೆ. ಆಕೆಯ ತಾತ ಲಿಯಾಕತ್ ಅಲಿ, ಹಳೆಯ ಫಾರಸಿ ಓದಿದವರು, ಹುಕುಂ ಓದಿ ನಕ್ಕರು. "ಅರೇ ಬೇಟಿ, ಮಜ್ಕೂರ್ ಅಂದ್ರೆ ಊರಲ್ಲ, ಮ್ಯಾಲೆ ಹೇಳಿದ್ದು ಅಂತ. ಮ್ಯಾಲೆ ಏನ್ ಬರ್ದವ್ರೆ ನೋಡು" ಎಂದರು. ಮೇಲೆ ನೋಡಿದರೆ ತಮ್ಮ ಮೊಹರು ಮಾತ್ರ ಇತ್ತು.

ಆ ಹನ್ನೊಂದು ದಿನಗಳಲ್ಲೇ ತಮ್ಮ ಸರ್ಕೀಟು ಇನ್‌ಸ್ಪೆಕ್ಟರು ಮಜಕೂರಿಗೆ ಭೇಟಿ ಕೊಟ್ಟರು ಎಂಬುದನ್ನು ಇಲ್ಲಿ ಹೇಳದೆ ಹೋದರೆ ಪಾಪ ಬರುತ್ತದೆ. ಅವರ ವರದಿಯ ನಕಲು ಆಮೇಲೆ ಹಮೀದುನ್ನೀಸಾಳಿಗೆ ಅಂಚೆಯಲ್ಲಿ ಬಂತು. ಗ್ರಾಮವನ್ನು ನೋಡಲಾಯಿತು, ಕೇಂದ್ರವನ್ನು ಪರಿಶೀಲಿಸಲಾಯಿತು, ಸ್ವಚ್ಛತೆ ತೃಪ್ತಿಕರವೆಂದು ಕಂಡುಬಂದಿತು, ಅರ್ಧವರ್ಷದಲ್ಲಿ ಹೆರಿಗೆಯ ಸಾವು ಒಂದೂ ಸಂಭವಿಸಿಲ್ಲ. ಮಾನ್ಯರೇ, ಈ "ಲಾಯಿತು" ಎಂಬ ಪ್ರತ್ಯಯವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ತಮ್ಮ ಇಲಾಖೆಯವರು ಗುಡಿ ಕಟ್ಟಿಸಬೇಕು. ನಾನು ನೋಡಿದೆ ಎಂದು ಬರೆದರೆ ಹೋಗಿ ನೋಡಲೇಬೇಕಾಗುತ್ತದೆ. ನೋಡಲಾಯಿತು ಎಂದು ಬರೆದರೆ ಯಾರು, ಎಲ್ಲಿಂದ, ಯಾವ ಕಣ್ಣಿನಿಂದ ಎಂದು ಕೇಳುವವರಿಲ್ಲ, ಮತ್ತು ಟ್ರಾವೆಲರ್ಸ್ ಬಂಗಲೆಯ ಆರಾಮಕುರ್ಚಿಯಲ್ಲಿ ಕೂತೇ ಎಷ್ಟು ಊರನ್ನು ಬೇಕಾದರೂ ನೋಡಲಾಗಬಹುದು. ಅವರನ್ನು ದೂರುತ್ತಿದ್ದೇನೆಂದು ತಿಳಿಯಬೇಡಿ. ವರದಿಯೆಂಬುದು ತೃಪ್ತಿಕರ ಎಂದೇ ಮುಗಿಯಬೇಕು, ಅರ್ಜಿಯೆಂಬುದು ಬಡವ ಎಂದೇ ಶುರುವಾಗಬೇಕು. ಅವರ ನಮೂನೆ ಅವರು ತುಂಬಿದರು, ನನ್ನದು ನಾನು ತುಂಬಿದ್ದೆ. ನಮ್ಮಿಬ್ಬರ ನಡುವೆ ನಿಜ ಎಲ್ಲಿ ಬಿದ್ದುಹೋಯಿತೆಂದು ಮಾತ್ರ ಇಬ್ಬರಿಗೂ ಗೊತ್ತಾಗಲಿಲ್ಲ.

ಕಡೆಗೆ ಲಿಯಾಕತ್ ಅಲಿಯವರೇ ಮೊಮ್ಮಗಳನ್ನು ಕರೆದುಕೊಂಡು, ಇಂಥ ಮಾತು ಬರೆಯುವವನು ಅರ್ಜಿ ಬರೆಯುವವನೇ ಇರಬೇಕೆಂದು ಊಹಿಸಿ, ಪೇಟೆಗಳ ಅರ್ಜಿ ಬರೆಯುವವರನ್ನೆಲ್ಲ ವಿಚಾರಿಸುತ್ತ ನನ್ನ ಮರದ ಕೆಳಗೆ ಬಂದರು. ನಾನು ತಪ್ಪೊಪ್ಪಿಕೊಂಡೆ. ಆದರೆ ಹುಕುಂನಲ್ಲಿ ಮಜಕೂರು ಎಂದಿರುವಾಗ ಕರೇಕಲ್ಲಹಟ್ಟಿಯಲ್ಲಿ ಕೆಲಸಕ್ಕೆ ಹಾಜರಾದರೆ ಆಕೆಯ ನೌಕರಿಗೇ ಸಂಚಕಾರ. ಆದ್ದರಿಂದ ನಾವು ಕರೇಕಲ್ಲಹಟ್ಟಿಗೆ ಹೋಗಿ, ಊರಿಗೆ ಮಜಕೂರು ಎಂದು ಹೆಸರಿಟ್ಟುಕೊಳ್ಳಿ ಎಂದು ಜನರನ್ನು ಕೇಳಿದೆವು. ಪಟೇಲ ಓಬಳಯ್ಯ ಸಿಟ್ಟಿನಿಂದ ಎದ್ದು ನಿಂತ. "ನಮ್ಮಪ್ಪ, ತಾತ, ಮುತ್ತಾತ ಇಟ್ಕಂಡು ಬಂದ ಹೆಸ್ರು ಕಣ್ಲಾ ಇದು, ನಿನ್ ಮಸಿಕಡ್ಡಿ ತಪ್ಪಿಗೆ ನಾವ್ಯಾಕೆ ಊರ್ ಬದಲಾಯಿಸ್ಬೇಕು?" ಎಂದು ನನ್ನನ್ನು ಬೈದ. ಆತ ಬೈದದ್ದರಲ್ಲಿ ತಪ್ಪಿರಲಿಲ್ಲ. ಹೊನ್ನಕ್ಕ ಹಿಂದಿನಿಂದ, "ಹೆಸ್ರು ಹೆಂಗಾನಾ ಇರ್ಲಿ ಬುಡು ಓಬಳಯ್ಯ. ಹೆಸ್ರು ಹೆರ್ತದಾ? ನನ್ ಸೊಸೆ ಉಳೀಬೇಕು ಕಣಪ್ಪ" ಎಂದಳು. ಓಬಳಯ್ಯ ತಾನೇ ಸುಣ್ಣದ ಮಡಕೆ ತರಿಸಿದ. ಊರ ಮುಂದಿನ ಬಂಡೆಯ ಮೇಲೆ ಮಜಕೂರು ಎಂದು ನಾನೇ ಬರೆದೆ.

ಹತ್ತು ತಿಂಗಳಿಂದ ಹಮೀದುನ್ನೀಸಾ ಓಬಳಯ್ಯನ ಹಿತ್ತಲ ಕೋಣೆಯಲ್ಲಿದ್ದಾಳೆ. ಸುತ್ತಲ ಹಟ್ಟಿಗಳೂ ಸೇರಿ ಹದಿನಾಲ್ಕು ಹೆರಿಗೆ ಮಾಡಿಸಿದ್ದಾಳೆ. ಒಂದು ಕೂಸು ಉಳಿಯಲಿಲ್ಲ, ತಾಯಂದಿರೆಲ್ಲ ಉಳಿದಿದ್ದಾರೆ. ಆ ಒಂದು ಕೂಸಿಗಾಗಿ ಆಕೆ ಎರಡು ದಿನ ಊಟ ಬಿಟ್ಟಳು. ತಮ್ಮ ಇನ್‌ಸ್ಪೆಕ್ಟರ ಮಜಕೂರಿನಲ್ಲಿ ಒಂದೂ ಸಾಯದಿದ್ದಾಗ ನನ್ನ ಮಜಕೂರಿನಲ್ಲಿ ಒಂದು ಸತ್ತಿದ್ದು ನಮಗೆ ಅವಮಾನವೇ ಸರಿ. ಮೊದಮೊದಲು ತುರುಕರ ಹುಡುಗಿ ಮನೆಯೊಳಗೆ ಬಂದಾಳೆಂದು ಮೂತಿ ತಿರುವಿದ ಅಜ್ಜಿಯರೇ ಈಗ ಆಕೆಯ ಟ್ರಂಕಿನ ಬೀಗ ಬಚ್ಚಿಟ್ಟಿದ್ದಾರೆ.

ಹೀಗಿರುವಾಗ ತಮ್ಮ ಹೆಡ್ ಗುಮಾಸ್ತರು ವಾರ್ಷಿಕ ಪಟ್ಟಿ ಬರೆಯಲು ಕೂತರು. ಮಜಕೂರಿನ ಮುಂದೆ ಹೋಬಳಿ ಎಂಬ ಕಾಲಂ ಖಾಲಿ ಉಳಿಯಿತು. ಎರಡು ವರ್ಷ ಒಬ್ಬ ಹೆಂಗಸಿನ ಗೋಳು ಮಾಡಲಾಗದಿದ್ದುದನ್ನು ಒಂದು ಖಾಲಿ ಕಾಲಂ ಒಂದು ಮಧ್ಯಾಹ್ನದಲ್ಲಿ ಮಾಡಿತು: ತಾವು ನಕ್ಷೆ ತರಿಸಿ ನೋಡಿದಿರಿ, ಊರು ಕಾಣಲಿಲ್ಲ, ಹುದ್ದೆ ರದ್ದಾಯಿತು. ಇಷ್ಟು ಚುರುಕು ತಮ್ಮಲ್ಲಿ ಅಡಗಿತ್ತೆಂದು ಮೊದಲೇ ಗೊತ್ತಿದ್ದರೆ ನಾನು ಹೊನ್ನಕ್ಕನ ಅರ್ಜಿಯನ್ನೂ ಒಂದು ಖಾಲಿ ಕಾಲಂ ಮಾಡಿಯೇ ಕಳಿಸುತ್ತಿದ್ದೆ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ತಮ್ಮ ಘನತೆಗೆ ಕುಂದು ಬಾರದಂತೆ ಈ ಕೆಳಗಿನ ಯಾವುದಾದರೊಂದು ಉಪಕಾರವನ್ನು ಮಾಡಬೇಕು. ನಕ್ಷೆಯಲ್ಲಿ ದೊಡ್ಡೇರಿಯ ಆಚೆ ಒಂದು ಚುಕ್ಕಿ ಇಡಿಸಿದರೆ ಸಾಕು. ಮಸಿ ಇಲ್ಲದಿದ್ದರೆ ನನ್ನ ದೌತಿಯನ್ನೇ ಕಳಿಸುತ್ತೇನೆ. ಅದು ಆಗದಿದ್ದರೆ, ಚಿಕ್ಕಕ್ಕನ ಹೊಟ್ಟೆಯಲ್ಲಿರುವ ಸದರಿ ಶಿಶುವಿಗೆ, ದಫ್ತರದ ವ್ಯವಹಾರ ಇತ್ಯರ್ಥವಾಗುವ ಪರ್ಯಂತ ಹೊರಬರಕೂಡದೆಂದೂ, ಬರಲೇಬೇಕಾದಲ್ಲಿ ತಲೆ ಮೊದಲು, ಕಾಲು ಅನಂತರ ಎಂಬ ನಮೂನೆಯನ್ನು ಮೀರಕೂಡದೆಂದೂ ಒಂದು ಹುಕುಂ ದಯಪಾಲಿಸಬೇಕು. ಹೋದ ಸಲದ ಕೂಸು ನಮೂನೆ ತಿಳಿಯದೆ ಅಡ್ಡವಾಗಿ ಬಂದದ್ದರಿಂದಲೇ ಅಷ್ಟೆಲ್ಲ ಆಯಿತು. ಅದೂ ಆಗದೆ ಮಜಕೂರನ್ನು ರದ್ದುಮಾಡಲೇಬೇಕೆಂದಿದ್ದರೆ, ಅಲ್ಲಿ ಹುಟ್ಟಿ ಉಳಿದ ಹದಿಮೂರು ಮಕ್ಕಳನ್ನೂ ದಫ್ತರಕ್ಕೆ ವಾಪಸು ಪಡೆದುಕೊಳ್ಳಬೇಕು. ಕಡತದ ಬೀರುವಿನಲ್ಲಿ ಮಲಗಿಸಬಹುದು, ಎರಡು ಗಂಟೆಗೊಮ್ಮೆ ಅಳುತ್ತವೆ, ಆಗ ಪೂರ್ವಪೀಠಿಕೆ ಇಲ್ಲದ ಪ್ರಾರ್ಥನೆ ಹೇಗಿರುತ್ತದೆಂದು ತಮಗೆ ಪ್ರತ್ಯಕ್ಷ ತಿಳಿಯುತ್ತದೆ.

ಇಷ್ಟು ಬರೆದ ಮೇಲೆ ನಮೂನೆ ಬಿಟ್ಟು ಒಂದು ಮಾತು. ನಿನ್ನೆ ಹಟ್ಟಿಗೆ ಹೋಗಿದ್ದೆ. ಚಿಕ್ಕಕ್ಕ ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದವಳು ನನ್ನನ್ನು ನೋಡಿ, "ಅಯ್ಯಾ, ಆಯಮ್ಮ ಹೊಂಟೋಯ್ತಾರಂತೆ, ನಿಜಾನಾ?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷ ಮಾತು ಮಾರಿ ಬದುಕಿದ ನಾನು ಅಲ್ಲಿಂದ ಬಂದವನೇ ಈ ಪತ್ರ ಬರೆಯಲು ಕೂತೆ. ನನಗೆ ಭಯವಾಗಿದೆ, ಮಾನ್ಯರೇ. ಆ ಹುಡುಗಿ ಸತ್ತರೆ ಅದಕ್ಕೆ ತಮ್ಮ ಹುಕುಂ ಅರ್ಧ ಕಾರಣ, ನನ್ನ ಶೈಲಿ ಅರ್ಧ ಕಾರಣ. ತಮ್ಮ ಅರ್ಧದ ಜೊತೆ ತಾವು ಹೇಗೆ ನಿದ್ದೆ ಮಾಡುತ್ತೀರೋ ತಿಳಿಯದು, ನನ್ನ ಅರ್ಧದ ಜೊತೆ ನಾನು ಮಾಡಲಾರೆ.

ಮೇಲ್ಕಂಡ, ಕೆಳಕಂಡ, ಮತ್ತು ಯಾರೂ ಕಾಣದ ಸಕಲ ಸಂಗತಿಗಳನ್ನೂ ಅವಗಾಹಿಸಿ ದಯೆ ತೋರಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ವೃಷಭೇಂದ್ರಪ್ಪ
ಅರ್ಜಿ ಬರೆಯುವವನು, ಮಧುಗಿರಿ ಪೇಟೆ

ಮತ್ತೆ ಬರೆದದ್ದು: ಪತ್ರಿಕೆಯವರು ಅಚ್ಚಿನಲ್ಲಿ ಜಾಗವಿಲ್ಲವೆಂದು ಈ ಪತ್ರವನ್ನು ಒಂದು ವಾರ ತಡೆದರು, ಅಷ್ಟರಲ್ಲಿ ತಮ್ಮ ಆರನೇ ತಾರೀಖು ಕಳೆದುಹೋಯಿತು. ಹಮೀದುನ್ನೀಸಾ ಬೇಗಂ ಹೊರಡಲಿಲ್ಲ. ಆಕೆಯಿಂದ ಸಮಜಾಯಿಷಿ ಕೇಳಿ ತಾವು ಕಳಿಸಿದ ಮೆಮೊಗೆ, ಇಲ್ಲದ ಊರಿನಿಂದ ಹೊರಡುವ ದಾರಿ ಯಾವುದೆಂದು ತಿಳಿಯದೆ ಅಲ್ಲೇ ಉಳಿಯಲಾಯಿತು ಎಂದು ನಾನೇ ಉತ್ತರ ಬರೆದುಕೊಟ್ಟಿದ್ದೇನೆ. ಯಾರಿಂದ ಉಳಿಯಲಾಯಿತೆಂದು ತಾವು ಕೇಳುವಂತಿಲ್ಲ. ಎಂಟನೇ ತಾರೀಖು ಮಧ್ಯಾಹ್ನ ಚಿಕ್ಕಕ್ಕನಿಗೆ ಹೆಣ್ಣುಮಗು ಆಯಿತು. ಈ ಸಲವೂ ಕೂಸು ಅಡ್ಡವೇ ಇತ್ತು, ಹಮೀದುನ್ನೀಸಾ ಹೊರಗಿನಿಂದಲೇ ಕೈಯಾಡಿಸಿ ತಿರುಗಿಸಿದಳು. ತಾಯಿ ಎದ್ದು ಕೂತು ಗಂಜಿ ಕುಡಿದಿದ್ದಾಳೆ. ಕದಿರಿಯ ಸ್ವಾಮಿಗೆ ಹರಕೆ ಹೊತ್ತು ಹೆತ್ತರೆ ಕದರಮ್ಮ ಎಂದು ಹೆಸರಿಡುವ ಸೀಮೆ ಇದು. ಹೊನ್ನಕ್ಕ ಯಾರನ್ನೂ ಕೇಳದೆ ಮೊಮ್ಮಗಳಿಗೆ ಮಜಕೂರಮ್ಮ ಎಂದು ಹೆಸರಿಟ್ಟು, ಶಾನುಭೋಗರ ಜನನದ ಪುಸ್ತಕದಲ್ಲಿ ಬರೆಸಿಬಿಟ್ಟಿದ್ದಾಳೆ. ಊರನ್ನು ತಾವು ಕೂತಲ್ಲಿಂದಲೇ ರದ್ದುಪಡಿಸಬಹುದು. ಇವಳನ್ನು ರದ್ದುಪಡಿಸಬೇಕಾದರೆ ಖುದ್ದಾಗಿ ಬರತಕ್ಕದ್ದು. ಅಜ್ಜಿ ಒನಕೆ ಹಿಡಿದು ಬಾಗಿಲಲ್ಲೇ ಕೂತಿದ್ದಾಳೆ.